ಭಾವನಿಗೆ ತೋರಿಸದ ಪತ್ರ

ಆ ಪತ್ರವನ್ನು ನಾನು ಬಚ್ಚಿಟ್ಟೆ. ಆದರೆ ಬಚ್ಚಿಡುವ ಮೊದಲು ಅದನ್ನು ಆವಕ ಪುಸ್ತಕದಲ್ಲಿ ಏರಿಸಿದ್ದೆ. ಬಂದ ತಾರೀಖು, ಎಲ್ಲಿಂದ ಬಂತು, ವಿಷಯವೇನು, ಎಲ್ಲವನ್ನೂ ನನ್ನದೇ ಗುಂಡು ಅಕ್ಷರದಲ್ಲಿ ಬರೆದಿದ್ದೆ. ಕಳ್ಳ ಕದ್ದ ಮನೆಯ ಗೋಡೆಯ ಮೇಲೆ ತನ್ನ ಹೆಸರು ಬರೆದು ಬಂದ ಹಾಗೆ. ಟಪಾಲು ಬಂದರೆ ಮೇಲಿನ ವಿಷಯದ ಸಾಲು ನೋಡಿ ಮೊದಲು ಆವಕದಲ್ಲಿ ಏರಿಸಬೇಕು, ಆಮೇಲೆ ಪತ್ರ ಓದಬೇಕು. ಆರು ವರ್ಷದಿಂದ ಕೈಗೆ ಹಿಡಿದ ರೂಢಿ ಅದು. ಕೈ ತನ್ನ ಕೆಲಸ ಮಾಡಿತು. ಓದಿದ ಮೇಲೆ ನಾನು ನನ್ನ ಕೆಲಸ ಮಾಡಿದೆ. ಈಗ ನನಗೆ ಎಂಬತ್ತು ದಾಟಿದೆ. ಆ ದಿನ ನೆನಪಾದರೆ, ಅಲ್ಲಿ ಕುಳಿತಿದ್ದವನು ನಾನೇ ಹೌದೋ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಸಾವಿರದ ಒಂಬೈನೂರ ಅರವತ್ತರ ಸುಮಾರಿನ ಮಾತು. ಹೊನ್ನಾವರದ ಬಂದರಿನಲ್ಲಿ ಬೊಂಬಾಯಿಯ ಹಡಗು ಕಂಪನಿಯೊಂದರ ಕಚೇರಿ ಇತ್ತು. ಮ್ಯಾಟ್ರಿಕ್ ಪಾಸಾಗಿದ್ದ ನಾನು ಅಲ್ಲಿ ಹೆಡ್ ಕಾರಕೂನ. ಹೆಡ್ ಎಂದರೆ ಬಹಳ ದೊಡ್ಡದೇನಲ್ಲ. ಇದ್ದವರೇ ಇಬ್ಬರು ಕಾರಕೂನರು ಮತ್ತು ಒಬ್ಬ ಶಿಪಾಯಿ. ಸ್ಟೀಮರು ಅಳಿವೆಯ ಹೊರಗೆ, ಆಳದ ನೀರಿನಲ್ಲಿ ನಿಲ್ಲುತ್ತಿತ್ತು. ಜನರನ್ನೂ ಅಡಿಕೆ, ಮೆಣಸಿನ ಚೀಲಗಳನ್ನೂ ದೋಣಿಗಳು ಅಲ್ಲಿಗೆ ಮುಟ್ಟಿಸುತ್ತಿದ್ದವು. ಮೇ ಕೊನೆಗೆ ಸಮುದ್ರ ಕೆರಳಿತೆಂದರೆ ಬಂದರು ಮುಚ್ಚಿದಂತೆ. ಮಳೆಗಾಲ ಪೂರ್ತಿ ಒಂದು ಹಡಗೂ ಇಲ್ಲ. ನೂಲು ಹುಣ್ಣಿಮೆಯ ದಿನ ಊರಿನವರೆಲ್ಲ ಕಡಲಿಗೆ ತೆಂಗಿನಕಾಯಿ ಕೊಡುತ್ತಿದ್ದರು. ಆಮೇಲೆ ಚೌತಿ. ಚೌತಿ ಮುಗಿದು ಕೆಲವು ದಿನಕ್ಕೆ ಮೊದಲ ಸ್ಟೀಮರು. ನಮ್ಮ ಪೇಟೆಯ ಹೊಸ ವರ್ಷ ಆ ದಿನ ಶುರುವಾಗುತ್ತಿತ್ತು.

ಊರು ಇಳಿಯುತ್ತಾ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಘಟ್ಟದ ಮೇಲಿನ ಮಾಲನ್ನು ಲಾರಿಗಳು ಬಂದರಿಗೆ ಇಳಿಸದೆ ಅಲ್ಲಿಂದ ಅಲ್ಲಿಗೇ ಸಾಗಿಸುತ್ತಿದ್ದವು. ಬಂದರ ರಸ್ತೆಯ ದೊಡ್ಡ ವಖಾರಿಗಳಿಗೆ ಒಂದೊಂದಾಗಿ ಬೀಗ ಬಿದ್ದಿತ್ತು. ಒಂದು ವಖಾರಿಯ ಬಾಗಿಲ ಸಂದಿಯಿಂದ ಅಶ್ವತ್ಥದ ಸಸಿ ಹೊರಗೆ ಇಣುಕುತ್ತಿತ್ತು. ಆದರೂ ನಮಗೆ ಪ್ರತಿ ಮಳೆಗಾಲವೂ ಒಂದು ನೆಪ. ಈ ಸಲ ಸಮುದ್ರ ತೆರೆಯಲಿ, ವ್ಯಾಪಾರ ಕುದುರುತ್ತದೆ ಎನ್ನುತ್ತಿದ್ದೆವು. ನಾಲ್ಕು ತಿಂಗಳು ಸುಮ್ಮನಿರುವುದು ಅಭ್ಯಾಸವಾದ ಜನಕ್ಕೆ, ಸುಮ್ಮನಿರುವುದಕ್ಕೂ ಸತ್ತಿರುವುದಕ್ಕೂ ಇರುವ ವ್ಯತ್ಯಾಸ ತಟ್ಟನೆ ತಿಳಿಯುವುದಿಲ್ಲ.

ಎರಡನೆಯ ಕಾರಕೂನನಾಗಿ ಬಂದವರು ಕಾಯ್ಕಿಣಿಯ ಕಡೆಯ ಒಬ್ಬ ತರುಣ. ಅಪ್ಪನಿಗೆ ಸ್ವಲ್ಪ ಗದ್ದೆ. ಇವರು ಧಾರವಾಡದಲ್ಲಿ ಓದಿ ಬಿ.ಎ. ಮಾಡಿದ್ದರು. ಬಂದರಿನವರು ಅವರ ಹೆಸರನ್ನೇ ಮರೆತು ‘ಬೀಯೆ’ ಎಂದೇ ಕರೆಯುತ್ತಿದ್ದರು. ಮೊದಲ ಸಲ ಅವರು ಸ್ಟೀಮರಿನ ತನಕ ಹೋಗಲು ದೋಣಿ ಹತ್ತಿದಾಗ ದೋಣಿ ನಡೆಸುವ ತಾಂಡೇಲ ಕೇಳಿದ್ದ:

“ಎಂತ ಬೀಯೆ, ಈಜು ಬರ್ತದಾ?”

“ಬರೂದಿಲ್ಲ.”

“ಹಾಗಾದ್ರೆ ಆ ಸರ್ಟಿಫಿಕೇಟು ಮನೇಲೇ ಇಟ್ಟು ಬನ್ನಿ. ನೀವು ಮುಳುಗಿದ್ರೆ ಎತ್ತಬಹುದು, ಅದು ಒದ್ದೆಯಾದ್ರೆ ನಿಮ್ಮ ಅಪ್ಪಂಗೆ ನಾ ಎಂತ ಹೇಳೂದು?”

ದೋಣಿಯವರೆಲ್ಲ ನಕ್ಕರು. ಬೀಯೆ ಕೂಡ ನಕ್ಕರು. ಅವರಿಗೆ ನಗು ಸುಲಭವಾಗಿ ಬರುತ್ತಿತ್ತು. ಅವರ ಆಸೆಯೂ ದೊಡ್ಡದಿರಲಿಲ್ಲ. ಧಾರವಾಡದಲ್ಲಿ ಅವರು ಒಬ್ಬ ಮಾಸ್ತರರ ಮನೆಯ ಹೊರಕೋಣೆಯಲ್ಲಿ ಇದ್ದು ಓದಿದವರು. ಆ ಮನೆಯ ಹಾಗೆ ಎರಡು ಕೋಣೆ, ಒಂದು ಮೇಜು, ಪುಸ್ತಕಕ್ಕೆ ಒಂದು ಕಪಾಟು, ಓದು ಬರಹ ಬರುವ ಹೆಂಡತಿ, ಬೆಳಗಿನ ಚಾದ ಜೊತೆಗೆ ಪೇಪರು. “ಇಷ್ಟು ಆದ್ರೆ ಸಾಕು ರಾಯರೆ. ಆದ್ರೆ ಇಲ್ಲೇ ಆಗ್ಬೇಕು. ಕಲ್ತವರೆಲ್ಲ ಬೊಂಬಾಯಿಗೆ ಹೋದ್ರೆ ಈ ಊರಲ್ಲಿ ಪೇಪರು ಓದೂದು ಯಾರು?” ಎನ್ನುತ್ತಿದ್ದರು. ನಮ್ಮ ಊರಿಗೆ ಪೇಪರು ಬರುತ್ತಿದ್ದದ್ದು ಮಾರನೆಯ ದಿನ. ಅದನ್ನೇ ಅವರು ಇವತ್ತಿನದೆಂಬಂತೆ ಮಡಿಕೆ ಬಿಡಿಸಿ ಓದುತ್ತಿದ್ದರು.

ನನ್ನ ತಂಗಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಅಪ್ಪ ಇರಲಿಲ್ಲ, ಆಯಿ ಮತ್ತು ತಂಗಿ ನನ್ನ ಮೇಲೆಯೇ ಇದ್ದರು. ನಾನೇ ಮಾತು ತೆಗೆದೆ. ಬೀಯೆ ಬಂದು ತಂಗಿಯನ್ನು ನೋಡಿ ಹೋದರು, ಮಾರನೆಯ ದಿನವೇ ಒಪ್ಪಿಗೆ ಹೇಳಿದರು. ಮೇ ತಿಂಗಳಿಗೆ ಮದುವೆ ನಿಶ್ಚಯವಾಯಿತು. ಅಷ್ಟರಲ್ಲಿ, ಅವರು ಹಿಂದಿನ ವರ್ಷ ಬರೆದಿದ್ದ ಪರೀಕ್ಷೆಯ ಫಲವಾಗಿ ರೈಲ್ವೆಯಿಂದ ನೇಮಕದ ಆದೇಶ ಬಂತು. ಹುಬ್ಬಳ್ಳಿಯಲ್ಲಿ ಗುಮಾಸ್ತೆ ಕೆಲಸ. ಮೇ ಕೊನೆಯೊಳಗೆ ಹಾಜರಾಗಬೇಕು. ಅವರು ಅದನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟು, “ಮದುವೆ ಮುಗೀಲಿ, ನೋಡುವಾ,” ಎಂದರು.

ಮದುವೆಗೆ ಹನ್ನೆರಡು ದಿನ ಇದ್ದಾಗ ಹೆಡ್ ಆಫೀಸಿನ ಪತ್ರ ಬಂತು. ವಿಷಯ: ಹೊನ್ನಾವರ ಕಚೇರಿ ಮುಚ್ಚುವ ಬಗ್ಗೆ.

ಪತ್ರದಲ್ಲಿ ಎರಡೇ ಪ್ಯಾರಾ. ಈ ಹಂಗಾಮಿನ ನಂತರ ನಮ್ಮ ಸ್ಟೀಮರುಗಳು ಹೊನ್ನಾವರಕ್ಕೆ ಬರುವುದಿಲ್ಲ, ಸೆಪ್ಟೆಂಬರ್ ಕೊನೆಗೆ ಕಚೇರಿ ಮುಚ್ಚುತ್ತದೆ, ಅಲ್ಲಿಯ ತನಕ ಸಂಬಳ ಸಿಗುತ್ತದೆ ಎಂದು ಮೊದಲನೆಯದು. ನಿಮ್ಮಲ್ಲಿರುವ ಪದವೀಧರ ಗುಮಾಸ್ತನ ಪತ್ರಗಳು ನಮ್ಮ ಮೆಚ್ಚುಗೆಗೆ ಬಂದಿವೆ, ಅವನು ಒಪ್ಪಿದರೆ ಮಂಗಳೂರು ಕಚೇರಿಗೆ ತೆಗೆದುಕೊಳ್ಳುತ್ತೇವೆ, ಅವನಿಗೆ ಮನಸ್ಸಿಲ್ಲದಿದ್ದರೆ ನಿಮ್ಮನ್ನು ಪರಿಗಣಿಸುತ್ತೇವೆ, ಜೂನ್ ಕೊನೆಯೊಳಗೆ ತಿಳಿಸಿರಿ ಎಂದು ಎರಡನೆಯದು.

ಹೊರಗೆ ಕಡು ಬಿಸಿಲು. ನನಗೆ ಮೊದಲು ಹೊಳೆದದ್ದು ಕೆಲಸವೂ ಅಲ್ಲ, ಮಂಗಳೂರೂ ಅಲ್ಲ. ನಿಶ್ಚಿತಾರ್ಥದ ದಿನ ಹುಡುಗನ ಸೋದರಮಾವ, “ಹುಡುಗಿ ಅಣ್ಣ ಎಂತ ಮಾಡ್ತಾನೆ?” ಎಂದು ಕೇಳಿದ್ದು, “ಸ್ಟೀಮರ್ ಆಫೀಸಿನ ಹೆಡ್ಡು,” ಎಂದು ಯಾರೋ ಹೇಳಿದ್ದು, ಆತ ತೃಪ್ತಿಯಿಂದ ಎಲೆಅಡಿಕೆಯ ಕವಳಕ್ಕೆ ಕೈ ಹಾಕಿದ್ದು ನೆನಪಾಯಿತು. ಕಚೇರಿಯೇ ಇಲ್ಲವೆಂದಾದರೆ ಈ ಸಂಬಂಧ ಉಳಿಯುವುದಿಲ್ಲ ಎಂದುಕೊಂಡೆ. ಪತ್ರವನ್ನು ಅಂಗಿಯ ಒಳಕಿಸೆಗೆ ಸೇರಿಸಿದೆ. ಬೀಯೆ ಆ ಹೊತ್ತು ಕಸ್ಟಮ್ಸ್ ಕಟ್ಟೆಯಲ್ಲಿ ಚೀಲ ಎಣಿಸುತ್ತಿದ್ದರು.

ಮದುವೆ ಚೆನ್ನಾಗಿಯೇ ಆಯಿತು; ಅಂದಿನಿಂದ ಬೀಯೆ ನನಗೆ ಭಾವ, ನಾನು ಅವರಿಗೆ ಭಾವ. ಅದರ ಮಾರನೆಯ ವಾರ, ಊಟದ ನಂತರ, ಕಚೇರಿಯ ಜಗಲಿಯಲ್ಲಿ ಅವರು ಕೇಳಿದರು:

“ಭಾವ, ಹುಬ್ಬಳ್ಳಿಗೆ ಎಂತ ಬರೀಲಿ? ಹೋಗ್ಲಾ, ಇರ್ಲಾ?”

“ನಿಮ್ಮ ಮನಸ್ಸಲ್ಲಿ ಎಂತ ಇದೆ?”

“ಇರ್ಬೇಕು ಅಂತ್ಲೇ ಇದೆ. ಆದ್ರೆ ರೈಲ್ವೆ ಅಂದ್ರೆ ಪಿಂಚಣಿ ಕೆಲಸ. ಇಲ್ಲಿ ನಾಳೆ ಸ್ಟೀಮರು ನಿಂತ್ರೆ?”

ಹೋಗಿ ಎನ್ನಬಹುದಿತ್ತು. ಆದರೆ ಸೆಪ್ಟೆಂಬರಿನಲ್ಲಿ ಕಚೇರಿ ಮುಚ್ಚಿದಾಗ, ಮದುವೆಗೆ ಮೊದಲೇ ಇವನಿಗೆ ಗೊತ್ತಿತ್ತು, ಅದಕ್ಕೇ ಹುಡುಗನನ್ನು ಹುಬ್ಬಳ್ಳಿಗೆ ದಾಟಿಸಿದ ಎಂದು ಕಾಯ್ಕಿಣಿಯವರು ಆಡಿಕೊಳ್ಳುತ್ತಾರೆ ಎಂದು ಹೆದರಿದೆ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಹೇಳಿದೆ.

“ಸ್ಟೀಮರು ಎಂತಕ್ಕೆ ನಿಲ್ತದೆ ಮಾರಾಯ್ರೆ? ಸಮುದ್ರ ಬತ್ತಿದ್ರೆ ನಿಲ್ತದೆ,” ಎಂದೆ.

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಹಾಗೆ ನಗುವಾಗ ನನ್ನ ಎದೆಯ ಮೇಲೆ, ಕಿಸೆಯೊಳಗೆ, ಆ ಕಾಗದ ಕರಕರ ಎನ್ನುತ್ತಿತ್ತು. ಅವರು ಒಳಗೆ ಹೋಗಿ ಚಂದದ ಇಂಗ್ಲಿಷಿನಲ್ಲಿ, ಈ ಉದ್ಯೋಗವನ್ನು ಸ್ವೀಕರಿಸಲಾಗದ್ದಕ್ಕೆ ವಿಷಾದಿಸುತ್ತೇನೆ ಎಂದು ಬರೆದು ತಂದರು. ಲಕೋಟೆಗೆ ಅಂಟು ಹಚ್ಚಿದ್ದು ನಾನು.

ಮಳೆ ಹಿಡಿಯಿತು. ಅವರು ಬಂದರ ರಸ್ತೆಯಲ್ಲಿ, ವ್ಯಾಪಾರ ಬಿಟ್ಟು ಹೋದ ಸಾಹುಕಾರರೊಬ್ಬರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದರು. ತಂಗಿ ಹಳೆಯ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದಳು. ಚಾದ ಕಪ್ಪು-ಬಸಿ ಬಂದವು, ಮೇಜು ಬಂತು. ನಾನು ಹೋದಾಗ ನೆಲದಲ್ಲಿ ಕೂರಲು ಬಿಡದೆ, “ಭಾವ, ಕುರ್ಚಿಯಲ್ಲಿ ಕೂತ್ಕೊಳ್ಳಿ, ಅದಕ್ಕೇ ತಂದದ್ದು,” ಎನ್ನುತ್ತಿದ್ದರು. ಸಮುದ್ರ ತೆರೆದ ಮೇಲೆ ಮೊದಲ ಸ್ಟೀಮರಿನಲ್ಲಿ ಬೊಂಬಾಯಿಯಿಂದ ಹೊಲಿಗೆ ಯಂತ್ರ ತರಿಸುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದರು. ಅದನ್ನು ಎಲ್ಲಿ ಇಡುವುದು, ಬೆಳಕು ಎಡಗಡೆಯಿಂದ ಬರಬೇಕೋ ಬಲಗಡೆಯಿಂದಲೋ ಎಂದು ಅವರು ನನ್ನೆದುರೇ ಚರ್ಚೆ ಮಾಡುತ್ತಿದ್ದರು. ನಾನು ಚಾ ಕುಡಿಯುತ್ತಿದ್ದೆ.

ಜೂನ್ ಮುಗಿಯುತ್ತ ಬಂದಾಗ ಎರಡನೆಯ ಪ್ಯಾರಾಕ್ಕೆ ಉತ್ತರ ಕೊಡಬೇಕಾಗಿತ್ತು. ಇವರಿಗೆ ಡಿಗ್ರಿ ಇದೆ, ಊರಲ್ಲಿ ಗದ್ದೆ ಇದೆ, ಎಲ್ಲಾದರೂ ಒಂದು ಸಿಗುತ್ತದೆ. ಬರೀ ಮ್ಯಾಟ್ರಿಕ್ಕಿನ ನನ್ನನ್ನು ಯಾರು ಕೇಳುತ್ತಾರೆ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ‘ಪದವೀಧರ ಗುಮಾಸ್ತರಿಗೆ ಊರು ಬಿಡಲು ಮನಸ್ಸಿಲ್ಲ’ ಎಂದು ಬರೆದೆ. ಅದು ಪೂರ್ತಿ ಸುಳ್ಳೂ ಅಲ್ಲವಲ್ಲ ಎಂಬ ಸಮಾಧಾನ ಬೇರೆ. ಆ ಉತ್ತರವನ್ನು ಮಾತ್ರ ಹೋಗುವ ಟಪಾಲಿನ ಜಾವಕ ಪುಸ್ತಕದಲ್ಲಿ ಏರಿಸಲಿಲ್ಲ. ಮಳೆಯಲ್ಲಿ ಬಸ್ಸು ಹತ್ತಿ ಕುಮಟೆಗೆ ಹೋಗಿ, ಅಲ್ಲಿನ ಟಪಾಲು ಡಬ್ಬಿಗೆ ಹಾಕಿ ಬಂದೆ. ಮೇ ತಿಂಗಳ ಪತ್ರವನ್ನು ಮನೆಯ ಬಚ್ಚಲ ಒಲೆಗೆ ಹಾಕಿದೆ. ಒದ್ದೆ ಸೌದೆ, ಬೇಗ ಹತ್ತಲಿಲ್ಲ. ಹತ್ತುವ ತನಕ ಊದಿದೆ.

ನೂಲು ಹುಣ್ಣಿಮೆ ಬಂತು. ಪೇಟೆಯ ಜನ ದಂಡೆಗೆ ಇಳಿದರು. ಕಂಪನಿಯ ಪರವಾಗಿ ಪ್ರತಿ ವರ್ಷ ತೆಂಗಿನಕಾಯಿ ಕೊಡುತ್ತಿದ್ದದ್ದು ಹೆಡ್ ಕಾರಕೂನ. ಅರಿಶಿನ ಕುಂಕುಮ ಹಚ್ಚಿದ ಕಾಯಿ ಹಿಡಿದು ಮೊಣಕಾಲು ನೀರಿನ ತನಕ ಹೋದೆ. ಹಿಂದೆ ಭಾವ, ಶಿಪಾಯಿ, ದೋಣಿಯವರು. “ತಾಯಿ, ಈ ವರ್ಷ ಒಳ್ಳೆ ಹಂಗಾಮು ಕೊಡು,” ಎಂದು ತಾಂಡೇಲ ಕೂಗಿದ. ಇಪ್ಪತ್ತು ಮನೆಯವರ ಅನ್ನ ಆ ದೋಣಿಗಳಲ್ಲಿತ್ತು. ಅವರಿಗೂ ನಾನು ಹೇಳಿರಲಿಲ್ಲ. ಕಾಯಿ ಎಸೆದೆ. ಅಲೆ ಅದನ್ನು ಎರಡು ಸಲ ತಂದು ನನ್ನ ಕಾಲಿಗೆ ತಾಗಿಸಿತು. ಮೂರನೆಯ ಸಲ ತಾಂಡೇಲನೇ ಎತ್ತಿ, “ರಾಯರಿಗೆ ರಟ್ಟೇಲಿ ಬಲ ಇಲ್ಲ,” ಎಂದು ನಗಾಡುತ್ತಾ ದೂರ ಎಸೆದ.

ಮಾರನೆಯ ದಿನ ಭಾವ ತಾವಾಗಿಯೇ ಹೆಡ್ ಆಫೀಸಿಗೆ ಪತ್ರ ಬರೆದರು. ಹಂಗಾಮು ಹತ್ತಿರ ಬಂತು, ಸ್ಟೀಮರುಗಳ ವೇಳಾಪಟ್ಟಿ ಕಳಿಸಿರಿ ಎಂದು. ಅವರು ಅದನ್ನು ಬರೆದದ್ದು ನನಗೆ ತಿಳಿದದ್ದು ಟಪಾಲಿಗೆ ಹೋದ ಮೇಲೆ. ಚೌತಿಗೆ ಎರಡು ದಿನ ಮೊದಲು ಉತ್ತರ ಬಂತು. ಅಷ್ಟರಲ್ಲಿ, ಕೆಲಸ ಕಲಿಯಲಿ ಎಂದು, ಆವಕ ಜಾವಕವನ್ನು ನಾನು ಅವರಿಗೇ ಒಪ್ಪಿಸಿದ್ದೆ. ಅವರು ಕುಳಿತಲ್ಲೇ ಲಕೋಟೆ ಒಡೆದರು. ‘ನಮ್ಮ ಮೇ ತಿಂಗಳ ಪತ್ರವನ್ನು ನೋಡಿರಿ’ ಎಂದು ಒಂದೇ ಸಾಲು. ಅವರು ಆವಕ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಆಗಸ್ಟ್, ಜುಲೈ, ಜೂನ್. ಆಗ ನನಗೆ ನೆನಪಾಯಿತು. ಅಲ್ಲಿಯ ತನಕ, ದೇವರಾಣೆ, ಅದನ್ನು ಏರಿಸಿದ್ದು ನನಗೆ ನೆನಪೇ ಇರಲಿಲ್ಲ.

ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಭಾವ, ಇದು ನಿಮ್ಮ ಅಕ್ಷರ ಅಲ್ದಾ?”

ಹೌದೆಂದೆ.

“ಪತ್ರ ಎಲ್ಲಿದೆ?”

“ಸುಟ್ಟೆ.”

ಅವರು ನನ್ನ ಮುಖ ನೋಡಿದರು. ಕೋಪಕ್ಕಿಂತ ಹೆಚ್ಚಾಗಿ, ಗುರುತು ಹತ್ತದವರನ್ನು ನೋಡುವ ನೋಟ ಅದು. ಆಮೇಲೆ ಪುಸ್ತಕ ಮುಚ್ಚಿ, ಕೊಡೆ ತೆಗೆದುಕೊಂಡು, ಐದು ಗಂಟೆಗೂ ಮೊದಲೇ ಮನೆಗೆ ಹೊರಟರು. ಒಂದು ವರ್ಷದಲ್ಲಿ ಹಾಗೆ ಹೋದದ್ದು ಅದೇ ಮೊದಲು.

ಸಂಜೆ ನಾನು ಆ ಮಹಡಿ ಹತ್ತಿದೆ. ಭಾವ ಒಳಗೆ ಹುಬ್ಬಳ್ಳಿಗೆ ಅರ್ಜಿ ಬರೆಯುತ್ತಿದ್ದರು. ತಂಗಿ ಬಾಗಿಲಲ್ಲೇ ನಿಂತಳು.

“ಅಣ್ಣ, ಮುಹೂರ್ತಕ್ಕಿಂತ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ಮದುವೆ ಮುರೀತಿತ್ತು. ಕೆಲಸ ಇಲ್ಲದವನ ತಂಗಿಯನ್ನ ಯಾರು...”

“ಮುರೀತಿತ್ತು ಅಂತ ನಿಂಗೆ ಯಾರು ಹೇಳಿದ್ದು? ನೋಡೂಕೆ ಬಂದ ದಿನ ನೀ ಹೊರಗೆ ಕವಳ ತರೂಕೆ ಹೋದಾಗ ಅವ್ರು ನನ್ನತ್ರ ಕೇಳಿದ್ದು ಒಂದೇ ಮಾತು. ಘಟ್ಟದ ಮೇಲೆ ಹೋಗೂ ಹಾಗಾದ್ರೆ ಬರ್ತ್ಯಾ ಅಂತ. ಬರ್ತೆ ಅಂದೆ. ನಿನ್ನ ಆಫೀಸಿನ ಸುದ್ದಿ ಅಲ್ಲಿ ಯಾರೂ ಎತ್ತಲಿಲ್ಲ.”

ನಾಲ್ಕು ತಿಂಗಳು ನಾನು ಕಾವಲು ಕಾದ ಸುಳ್ಳಿನ ಒಳಗೆ ಏನೂ ಇರಲಿಲ್ಲ. ಹೇಳಿದ್ದರೆ ಅವರು ಮದುವೆಯಾಗಿ ಹುಬ್ಬಳ್ಳಿಗೆ ಹೋಗುತ್ತಿದ್ದರು, ಇಲ್ಲವೇ ಮಂಗಳೂರಿಗೆ. ಅಷ್ಟೇ. ಆ ಗಳಿಗೆಯಲ್ಲಿ ಎರಡನೆಯ ಪ್ಯಾರಾವನ್ನೂ ಹೇಳಬಹುದಿತ್ತು. ಆಗಲೂ ಹೊತ್ತು ಮೀರಿರಲಿಲ್ಲ. ಮಂಗಳೂರಿನ ಆದೇಶ ನನ್ನ ಹೆಸರಿಗೆ ಇನ್ನೂ ಬಂದಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಮೆಟ್ಟಿಲು ಇಳಿದೆ.

ಹುಬ್ಬಳ್ಳಿಯವರು ಆ ಜಾಗ ತುಂಬಿದೆ ಎಂದರು. ಸೆಪ್ಟೆಂಬರ್ ಕೊನೆಗೆ ಕಚೇರಿಯ ಬಾಗಿಲು ಮುಚ್ಚಿದಾಗ ನನಗೆ ಮಂಗಳೂರಿನ ಆದೇಶ ಬಂತು. ಹಳೆಯ ಮನುಷ್ಯ ಬೇಕಂತೆ ಎಂದು ಭಾವನಿಗೆ ಹೇಳಿದೆ. ನಾನು ನಿರೀಕ್ಷಿಸಿದ್ದು ಒಂದು ಮೂದಲಿಕೆಯನ್ನು. ಅವರು, “ಒಳ್ಳೇದಾತು ಭಾವ. ಆಯಿಗೂ ಒಂದು ದಾರಿ ಆತು,” ಎಂದರು. ಬಸ್ ಸ್ಟ್ಯಾಂಡಿನ ತನಕ ನನ್ನ ಟ್ರಂಕು ಹೊತ್ತು ತಂದರು.

ಮುಂದಿನ ವರ್ಷಗಳಲ್ಲಿ ನಾನು ಮಂಗಳೂರಿನಲ್ಲಿ ಹೆಂಚಿನ ಮನೆ, ಕುರ್ಚಿ, ರೇಡಿಯೋ ಎಲ್ಲ ಮಾಡಿಕೊಂಡೆ. ಭಾವ ಮಾಸ್ತರಿಕೆಗೆ ಇಳಿದರು. ಬಿ.ಎಡ್. ಇರಲಿಲ್ಲ, ಹಾಗಾಗಿ ಯಾರೋ ರಜೆ ಹಾಕಿದ ಜಾಗಕ್ಕೆ ಜೂನಿನಲ್ಲಿ ನೇಮಕ, ಏಪ್ರಿಲಿನಲ್ಲಿ ಬಿಡುಗಡೆ. ಒಂದು ವರ್ಷ ಭಟ್ಕಳ, ಒಂದು ವರ್ಷ ತದಡಿಯ ಕಡೆ, ಆಮೇಲೆ ಕುಮಟೆ. ಪ್ರತಿ ಬೇಸಿಗೆಯಲ್ಲೂ ಅವರ ಮನೆಯಲ್ಲಿ ಸಂಬಳ ನಿಲ್ಲುತ್ತಿತ್ತು. ತಂಗಿ ಯಾರದೋ ಹಳೆಯ ಹೊಲಿಗೆ ಯಂತ್ರ ಬಾಡಿಗೆಗೆ ತಂದು ರವಿಕೆ ಹೊಲಿದಳು. ಕುಮಟೆಯ ಒಂದು ಶಾಲೆ ಅವರನ್ನು ಖಾಯಂ ಮಾಡಿಕೊಂಡದ್ದು ನಲವತ್ತು ದಾಟಿದ ಮೇಲೆ. ಊರು ಬಿಡದೆ ಬದುಕು ಕಟ್ಟಬಹುದೇ ಎಂದು ಯಾರಾದರೂ ಕೇಳಿದರೆ, ಅವರು ಕಟ್ಟಿದರು ಎಂದೇ ಹೇಳಬೇಕು. ಆದರೆ ಹದಿನೈದು ವರ್ಷ ತಡವಾಗಿ. ಆ ಹದಿನೈದು ವರ್ಷವನ್ನು ಊರೊಂದೇ ನುಂಗಿದ್ದಲ್ಲ.

ಅವರು ತೀರಿಕೊಂಡು ಈಗ ಕೆಲವು ವರ್ಷವಾಯಿತು. ಎರಡನೆಯ ಪ್ಯಾರಾ ಅವರಿಗೆ ತಿಳಿಯದೆಯೇ ಹೋಯಿತು. ತಂಗಿಗೂ ಗೊತ್ತಿಲ್ಲ. ಅವಳು ಇನ್ನೂ ಕನ್ನಡಕ ಹಾಕಿ ಓದುತ್ತಾಳೆ. ಅವಳು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಇನ್ನೊಂದು ಸಂಗತಿ ಇದೆ. ಅದನ್ನೂ ಹೇಳದಿದ್ದರೆ ಅರ್ಧ ಹೇಳಿದಂತೆ.

ಅರವತ್ತೇಳರ ಹೊತ್ತಿಗೆ, ಒಂದು ಏಪ್ರಿಲಿನಲ್ಲಿ, ಭಾವ ಮಂಗಳೂರಿನ ನನ್ನ ಕಚೇರಿಗೆ ಬಂದರು. ಬೆಳಗಿನ ಬಸ್ಸಿನಲ್ಲಿ ಹೊರಟು, ಹೊಳೆಗಳನ್ನು ದಾಟಿ, ಮಧ್ಯಾಹ್ನ ಮೂರಕ್ಕೆ ಮುಟ್ಟಿದ್ದರು. ಅಂಗಿಯ ಇಸ್ತ್ರಿ ಕೆಟ್ಟಿತ್ತು, ಕಾಲರು ಸವೆದು ತಿರುಗಿಸಿ ಹೊಲಿದದ್ದು ಕಾಣುತ್ತಿತ್ತು. ನನ್ನ ಪಕ್ಕದ ಮೇಜಿನವನಿಗೆ ಅವರೇ ನನ್ನ ಗುರುತು ಹೇಳಿದರು: “ಇವ್ರು ನಂಗೆ ಆಫೀಸಿನ ಕೆಲಸ ಕಲಿಸಿದವರು. ಕಂಪನಿಗೆ ಇವ್ರ ಬೆಲೆ ಗೊತ್ತಿತ್ತು, ಅದಕ್ಕೇ ಇವ್ರನ್ನ ಉಳಿಸ್ಕೊಂಡ್ತು.” ಅದರಲ್ಲಿ ಕೊಂಕು ಇದೆಯೇ ಎಂದು ಅವರ ಮುಖವನ್ನೆಲ್ಲ ಹುಡುಕಿದೆ. ಇರಲಿಲ್ಲ.

“ಭಾವ, ಒಂದು ಉಪಕಾರ ಆಗ್ಬೇಕಿತ್ತು. ಕುಮಟೆಯಲ್ಲಿ ಒಂದು ಕಾಲೇಜಿನ ಆಫೀಸಿಗೆ ಕ್ಲಾರ್ಕ್ ಬೇಕಂತೆ. ವಯಸ್ಸು ಮೀರಿದ್ರೂ ಅನುಭವ ಇದ್ರೆ ನೋಡ್ತಾರಂತೆ. ಹೊನ್ನಾವರದಲ್ಲಿ ಕೆಲಸ ಮಾಡಿದ್ದಕ್ಕೆ ಕಂಪನಿದು ಒಂದು ಸರ್ಟಿಫಿಕೇಟು ಕೊಡ್ಬಹುದಾ?”

“ಕೊಡ್ವಾ, ಅದ್ಕೆಂತ. ನೀವೇ ಬರೀರಿ. ನಿಮ್ಮ ಇಂಗ್ಲಿಷು ನನಗೆ ಬರೂದಿಲ್ಲ.”

ಅವರು ನನ್ನ ಮೇಜಿನ ಎದುರು ಕುಳಿತು ಬರೆದರು. ಎಷ್ಟು ತಿಂಗಳ ಸೇವೆ, ಯಾವ ಕೆಲಸ, ನಡತೆ ಹೇಗಿತ್ತು. ನಡತೆಯ ಸಾಲಿಗೆ ಬಂದಾಗ, “ಇದನ್ನ ನಾನೇ ಹೆಂಗೆ ಬರೀಲಿ?” ಎಂದು ನಾಚಿದರು. “ಅತ್ಯುತ್ತಮ ಅಂತ ಬರೀರಿ,” ಎಂದೆ. ಕೊನೆಯ ಸಾಲಿಗೆ ಪೆನ್ನು ನಿಂತಿತು.

“ಕೆಲಸ ಬಿಟ್ಟ ಕಾರಣ ಅಂತ ಎಂತ ಹಾಕೂದು ಭಾವ? ಆಫೀಸು ಮುಚ್ತು, ಕಂಪನಿಯಲ್ಲಿ ಬೇರೆ ಎಲ್ಲೂ ಜಾಗ ಇರ್ಲಿಲ್ಲ ಅಂತ ಹಾಕ್ಲಾ? ಅದೇ ಅಲ್ದಾ ನಿಜ?”

ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಕುಳಿತಿದ್ದದ್ದು ಅವರ ಕುರ್ಚಿಯಲ್ಲಿ.

“ಅದೇ ಹಾಕಿ,” ಎಂದೆ.

ಅವರು ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದರು. ನಾನು ಸಹಿ ಮಾಡಿ ಮುದ್ರೆ ಒತ್ತಿದೆ. ಅವರು ಅದನ್ನು ಓದಿ ನೋಡಿ, ಸ್ವಲ್ಪ ಸಂಕೋಚದಿಂದ ಕೇಳಿದರು:

“ಇನ್ನೆರಡು ಪ್ರತಿ ಮಾಡ್ಕೊಳ್ಲಾ ಭಾವ? ಭಟ್ಕಳದಲ್ಲೂ ಹೊನ್ನಾವರದಲ್ಲೂ ಒಂದೊಂದು ಅರ್ಜಿ ಹಾಕೂದಿದೆ.”

ಅವರು ಬರೆದು ಮುಗಿಸುವ ತನಕ ಕಾದೆ. ಉಳಿದ ಎರಡಕ್ಕೂ ಸಹಿ ಹಾಕಿದೆ.